ಸೂರ್ಯ ಎಷ್ಟು ದೂರ? ನೂರೈವತ್ತು ವರ್ಷದ ಹಿಂದೆ ಕನ್ನಡದಲ್ಲೇ ಹೇಳಿದ್ದರು

ತೋಳು ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು ಮುಚ್ಚಿ ನೋಡಿ. ಎದುರಿನ ಗೋಡೆಯ ಮೇಲೆ ಬೆರಳು ಆಚೀಚೆ ಜಿಗಿದ ಹಾಗೆ ಕಾಣುತ್ತದೆ. ಹತ್ತಿರ ತಂದರೆ ಜಿಗಿತ ಹೆಚ್ಚು, ದೂರ ಒಯ್ದರೆ ಕಡಿಮೆ. ಕಣ್ಣುಗಳ ನಡುವಿನ ಅಂತರ ಗೊತ್ತಿದ್ದರೆ, ಈ ಜಿಗಿತದಿಂದಲೇ ಬೆರಳಿನ ದೂರ ಲೆಕ್ಕ ಹಾಕಬಹುದು.

ಸೂರ್ಯನ ದೂರ ಅಳೆಯಲು ಹೊರಟವರೂ ಇದನ್ನೇ ಮಾಡಿದರು. ಬೆರಳಿನ ಜಾಗದಲ್ಲಿ ಶುಕ್ರ, ಗೋಡೆಯ ಜಾಗದಲ್ಲಿ ಸೂರ್ಯ, ಎರಡು ಕಣ್ಣಿನ ಬದಲು ಭೂಮಿಯ ಮೇಲೆ ದೂರ ದೂರದ ಎರಡು ಊರು.

ಕೆಪ್ಲರ್ ಕಾಲಕ್ಕೇ ಒಂದು ಪ್ರಮಾಣ ಸಿಕ್ಕಿತ್ತು: ಸೂರ್ಯನಿಂದ ಭೂಮಿ 100 ಪಾಲು ದೂರವಿದ್ದರೆ ಶುಕ್ರ 72 ಪಾಲು. ಆದರೆ ಒಂದು ಪಾಲು ಎಂದರೆ ಎಷ್ಟು ಮೈಲಿ? ಅಳತೆ ಬರೆಯದ ಜಮೀನಿನ ನಕ್ಷೆ ಇದ್ದ ಹಾಗೆ. ಶುಕ್ರ ಸೂರ್ಯನ ಮುಂದೆ ಕಪ್ಪು ಚುಕ್ಕೆಯಾಗಿ ಹಾದುಹೋಗುವಾಗ, ಬೇರೆ ಬೇರೆ ಊರುಗಳಿಂದ ಹೊತ್ತು ಗುರುತಿಸಿ ಇದನ್ನು ಲೆಕ್ಕ ಹಾಕಬಹುದು ಎಂದು 1716ರಲ್ಲಿ ಹ್ಯಾಲಿ ವಿವರವಾಗಿ ಬರೆದರು. ಕಷ್ಟ ಏನೆಂದರೆ ಈ ಸಂಕ್ರಮ ಎಂಟು ವರ್ಷದ ಅಂತರದಲ್ಲಿ ಎರಡು ಸಲ ಬಂದರೆ, ಮತ್ತೆ ನೂರು ವರ್ಷಕ್ಕೂ ಹೆಚ್ಚು ಕಾಯಬೇಕು.

ಫ್ರಾನ್ಸಿನ ಲೆ ಜೆಂಟಿಲ್ ಪಾಡು ಕೇಳಿ. 1761ರ ಸಂಕ್ರಮದ ದಿನ ಅವರು ಹಡಗಿನಲ್ಲಿದ್ದರು, ಅಲುಗಾಡುವ ಕಡೆ ಅಳತೆ ಎಲ್ಲಿಂದ ಬರಬೇಕು? ಇನ್ನೊಂದಕ್ಕೆ ಎಂಟು ವರ್ಷ ಈ ಕಡೆಯೇ ಉಳಿದರು. 1769ರಲ್ಲಿ ಪಾಂಡಿಚೇರಿಯಲ್ಲಿ ಎಲ್ಲ ಸಜ್ಜು ಮಾಡಿಕೊಂಡು ಕೂತರೆ, ಸರಿಯಾಗಿ ಆ ಹೊತ್ತಿಗೆ ಮೋಡ! ಊರಿಗೆ ಮರಳಿದಾಗ ಸತ್ತೇ ಹೋದರೆಂದು ಆಸ್ತಿ ಪಾಲಿಗೆ ಕೂತಿದ್ದರಂತೆ.

ಮುಂದಿನ ಸಂಕ್ರಮ 1874ರ ಡಿಸೆಂಬರ್ 9ರ ಬೆಳಿಗ್ಗೆ, ನಮ್ಮ ದೇಶದಲ್ಲೂ ಕಾಣುವಂಥದ್ದು. ಆಗ ಮದ್ರಾಸ್ ವೀಕ್ಷಣಾಲಯದಲ್ಲಿ ಚಿಂತಾಮಣಿ ರಘುನಾಥಾಚಾರ್ಯರು ಸಹಾಯಕರಾಗಿದ್ದರು. ಪಂಚಾಂಗ ಮಾಡುವ ಮನೆತನ ಅವರದು. 1867ರಲ್ಲಿ ಬೆಳಕು ಏರಿಳಿಯುವ ಒಂದು ನಕ್ಷತ್ರವನ್ನು ಗುರುತಿಸಿದವರು. ಈ ಸಂಕ್ರಮದ ಬಗ್ಗೆ ಅವರು ಒಂದು ಕಿರುಪುಸ್ತಕ ಬರೆದರು. ಇಂಗ್ಲಿಷ್, ಉರ್ದು ಜೊತೆಗೆ ಕನ್ನಡದಲ್ಲೂ ಅದು ಬಂತು. ಸಿದ್ಧಾಂತಿಯೊಬ್ಬರು ಕೇಳುವುದು, ಖಗೋಳ ಬಲ್ಲವರು ಉತ್ತರಿಸುವುದು, ಹೀಗೆ ಮಾತುಕತೆಯ ಧಾಟಿ. ಆಕಾಶ ನೋಡಿ ಪಂಚಾಂಗ ತಿದ್ದಬೇಕು ಎನ್ನುವುದು ಅವರ ಹಟವಾಗಿತ್ತು. ಗ್ರಹಣದ ದಿನ ನಮ್ಮ ಟಿ.ವಿ.ಗಳಲ್ಲಿ ಕೂರುವವರ ಮಾತು ಕೇಳುವಾಗೆಲ್ಲ ನಮಗೆ ಈ ಆಚಾರ್ಯರು ನೆನಪಾಗುತ್ತಾರೆ.

ಈಗ ಶುಕ್ರನಿಗೆ ರೇಡಿಯೊ ಅಲೆ ಕಳಿಸಿ, ಮರಳುವ ಹೊತ್ತು ಅಳೆದು ದೂರ ತಿಳಿಯುತ್ತಾರೆ. ಸೂರ್ಯ ಸರಾಸರಿ 14.96 ಕೋಟಿ ಕಿಲೋಮೀಟರ್ ದೂರ. ಗಂಟೆಗೆ 60 ಕಿ.ಮೀ. ವೇಗದ ಬೈಕಿನಲ್ಲಿ ಎಲ್ಲೂ ನಿಲ್ಲದೆ ಹೋದರೂ 284 ವರ್ಷ ಬೇಕು. ಬೆಳಕಿಗೆ ಎಂಟು ನಿಮಿಷ ಚಿಲ್ಲರೆ ಸಾಕು.

2012ರ ಜೂನ್ 6ರಂದು ಸೂರ್ಯ ಹುಟ್ಟುವಾಗಲೇ ಶುಕ್ರ ಅದರ ಮುಂದೆ ಇತ್ತು. ಆಗ ಡಿಪ್ಲೊಮಾ ಓದುತ್ತಿದ್ದ ನಾವು ವೆಲ್ಡಿಂಗ್ ಗಾಜು ಹಿಡಿದು ಹಾಸ್ಟೆಲ್ ಮಾಳಿಗೆ ಹತ್ತಿದೆವು. ಮುಂಗಾರಿನ ಮೋಡ. ಹತ್ತೂವರೆವರೆಗೆ ಕಾದು ಕೆಳಗಿಳಿದೆವು. ಇನ್ನೊಂದು ಬರುವುದು 2117ರಲ್ಲಿ.