ಬಾಲರ ರಕ್ತಸ್ರಾವಜ್ವರದಲ್ಲಿ ವೃಕ್ಕವಿಕಾರ: ಶಬ್ದಾರ್ಥಪೂರ್ವಕವಾದ ಚಾರಿತ್ರಿಕ ವಿಚಾರ

ವೈದ್ಯಕ ಶಬ್ದಗಳ ಚರಿತ್ರೆಯು ವೈದ್ಯರಿಗೆ ಮಾತ್ರ ಸೇರಿದ್ದೆಂದು ಭಾವಿಸುವವರುಂಟು. ಆದರೆ ಶಾಸ್ತ್ರವಿಷಯಗಳನ್ನು ಕನ್ನಡಿಸುವವರೂ ಅವುಗಳಿಗೆ ಪರಿಭಾಷೆಯನ್ನು ಕಟ್ಟಿಕೊಡುವವರೂ ಬಹುಮಟ್ಟಿಗೆ ಭಾಷಾವಿದ್ವಾಂಸರೇ ಆದಕಾರಣ, ಆ ಶಬ್ದಗಳ ಅರ್ಥವ್ಯಾಪ್ತಿಯನ್ನು ನಿಷ್ಕರ್ಷಿಸುವ ಹೊಣೆಯು ನಮ್ಮ ಮೇಲೂ ಇದೆ. ವೈರಾಣುವಿನಿಂದ ಹುಟ್ಟುವ ರಕ್ತಸ್ರಾವಜ್ವರವನ್ನು ‘ರಕ್ತಪಿತ್ತ’ವೆಂದೂ, ಅದರಲ್ಲಿ ಮಕ್ಕಳಿಗೆ ಒದಗುವ ಮೂತ್ರಪಿಂಡದ ವೈಕಲ್ಯವನ್ನು ‘ಮೂತ್ರಾಘಾತ’ವೆಂದೂ ವ್ಯವಹರಿಸುವುದು ಯುಕ್ತವೇ ಎಂಬುದು ಪ್ರಕೃತ ಲೇಖನದ ವಿಚಾರ್ಯವಿಷಯ.

ಮೊದಲು ಗ್ರಂಥಗಳನ್ನು ನೋಡೋಣ. ಚರಕಸಂಹಿತೆಯ ನಿದಾನಸ್ಥಾನದಲ್ಲಿಯೂ ಚಿಕಿತ್ಸಾಸ್ಥಾನದಲ್ಲಿಯೂ ನಿರೂಪಿತವಾಗಿರುವ ರಕ್ತಪಿತ್ತವು ಪಿತ್ತದೂಷಿತವಾದ ರಕ್ತವು ಊರ್ಧ್ವಾಧೋಮಾರ್ಗಗಳಿಂದ ಹೊರಬೀಳುವ ವ್ಯಾಧಿ. ಅಲ್ಲಿ ರಕ್ತಸ್ರಾವವೇ ಪ್ರಧಾನ. ಇನ್ನು ವೃಕ್ಕದ ಮಾತು. ಚರಕನ ಸ್ರೋತೋವಿಮಾನಾಧ್ಯಾಯದಲ್ಲಿ ವೃಕ್ಕಗಳು ಮೇದೋವಹ ಸ್ರೋತಸ್ಸುಗಳ ಮೂಲಗಳೆಂದು ಹೇಳಲ್ಪಟ್ಟಿವೆ; ಮೂತ್ರವಹ ಸ್ರೋತಸ್ಸುಗಳಿಗೆ ಬಸ್ತಿಯೂ ವಂಕ್ಷಣಗಳೂ ಮೂಲ. ಸುಶ್ರುತನು ಮೇದೋವಹಗಳಿಗೆ ಕಟಿಯನ್ನೂ ವೃಕ್ಕಗಳನ್ನೂ, ಮೂತ್ರವಹಗಳಿಗೆ ಬಸ್ತಿಯನ್ನೂ ಮೇಢ್ರವನ್ನೂ ಹೇಳುತ್ತಾನೆ. ಅಂದರೆ ಈ ಮೂಲನಿರ್ದೇಶದಲ್ಲಿ ಮೂತ್ರವು ಬಸ್ತಿಗೆ ಸೇರಿದ್ದೇ ಹೊರತು ವೃಕ್ಕಕ್ಕೆ ಸೇರಿದುದಲ್ಲ. ಇಂದು ನಾವು ನಿತ್ಯವ್ಯವಹಾರದಲ್ಲಿ ಬಳಸುವ ‘ಮೂತ್ರಪಿಂಡ’ವೆಂಬ ಹೆಸರಿನೊಳಗೆ ಅಡಗಿರುವ ಅಭಿಪ್ರಾಯವನ್ನು ಪ್ರಾಚೀನರ ‘ವೃಕ್ಕ’ಶಬ್ದದ ಮೇಲೆ ಹೇರಲಾಗದು.

ಆದರೂ ಸುಶ್ರುತಸಂಹಿತೆಯ ಉತ್ತರತಂತ್ರದ ಮೂತ್ರಾಘಾತಾಧ್ಯಾಯದಲ್ಲಿ ಗಮನಾರ್ಹವಾದ ಒಂದು ವಿವೇಕವಿದೆ. ಅಲ್ಲಿ ಎಣಿಸಿರುವ ೧೨ ಭೇದಗಳಲ್ಲಿ ಕೆಲವು ಬಸ್ತಿಯಲ್ಲಿ ತುಂಬಿದ ಮೂತ್ರವು ಹೊರಬಾರದೆ ನಿಲ್ಲುವ ಸ್ಥಿತಿಗಳು. ‘ಮೂತ್ರಕ್ಷಯ’ವೆಂಬುದೋ ಹಾಗಲ್ಲ. ರೂಕ್ಷವಾಗಿ ಬಳಲಿದ ದೇಹದಲ್ಲಿ ಮೂತ್ರವೇ ಕುಂದಿಹೋಗುವ ಅವಸ್ಥೆಯದು. ಬಂದದ್ದು ತಡೆಯಲ್ಪಡುವುದು ಬೇರೆ, ಬರುವುದೇ ಇಲ್ಲದಾಗುವುದು ಬೇರೆ. ಈ ಭೇದವು ಮುಂದಿನ ವಿಚಾರಕ್ಕೆ ಕೀಲಿಕೈಯಂತಿದೆ.

ಇನ್ನು ರೋಗದ ಚರಿತ್ರೆ. ಡೆಂಗಿ ಜ್ವರವು ಬಹುಕಾಲ ಮೈಮೂಳೆಗಳನ್ನು ನೋಯಿಸುವ, ಆದರೆ ಸಾಮಾನ್ಯವಾಗಿ ಪ್ರಾಣಕ್ಕೆರವಾಗದ ಜ್ವರವೆಂದೇ ಪ್ರಸಿದ್ಧವಾಗಿತ್ತು. ೧೭೮೦ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಕಂಡ ಇಂಥ ಜ್ವರವನ್ನು ಬೆಂಜಮಿನ್ ರಷ್ ಎಂಬ ವೈದ್ಯನು ವರ್ಣಿಸಿದನು. ೧೯೦೭ರಲ್ಲಿ ಆಷ್‌ಬರ್ನ್ ಮತ್ತು ಕ್ರೇಗ್ ಎಂಬವರು ಮನಿಲಾದಲ್ಲಿ, ಇದರ ಕಾರಣವು ಸೂಕ್ಷ್ಮಶೋಧಕದಿಂದಲೂ ನುಸುಳಿಹೋಗುವಷ್ಟು ಅಣುವಾದುದೆಂದು ತೋರಿಸಿದರು. ೧೯೪೩ರಲ್ಲಿ ಜಪಾನಿನ ಹೊಟ್ಟಾ ಮತ್ತು ಕಿಮುರಾ ಎಂಬ ಪಂಡಿತರು ಆ ವೈರಾಣುವನ್ನು ಪ್ರತ್ಯೇಕಿಸಿದರು. ೧೯೫೪ರ ಸುಮಾರಿಗೆ ಅದೇ ಮನಿಲಾದಲ್ಲಿ ಮಕ್ಕಳನ್ನೇ ಹಿಡಿದು, ರಕ್ತಸ್ರಾವದಿಂದಲೂ ಹಠಾತ್ತಾದ ನಿಶ್ಚೇಷ್ಟತೆಯಿಂದಲೂ ಕೊಲ್ಲುವ ಜ್ವರವು ತಲೆದೋರಿತು. ಅದು ಹೊಸ ವ್ಯಾಧಿಯೆಂದೇ ತೋರಿದ್ದರೂ, ೧೯೫೬ರ ಜಾಡ್ಯದಲ್ಲಿ ಹ್ಯಾಮನ್ ಮೊದಲಾದವರು ನಡೆಸಿದ ಶೋಧನೆಯಿಂದ ಡೆಂಗಿಯ ವೈರಾಣುವೇ ಅದಕ್ಕೆ ಕಾರಣವೆಂದು ಸ್ಥಿರಪಟ್ಟಿತು. ೧೯೫೮ರಲ್ಲಿ ಬ್ಯಾಂಕಾಕ್ ನಗರವು ಅದೇ ಸಂಕಟಕ್ಕೆ ಗುರಿಯಾಯಿತು. ಅಲ್ಲಿ ಸುಚಿತ್ರಾ ನಿಮ್ಮಾನಿತ್ಯಾ ಎಂಬ ಶಿಶುವೈದ್ಯೆ ಮುಂತಾದವರು ಕಲೆಹಾಕಿದ ಅನುಭವವೇ ವಿಶ್ವ ಆರೋಗ್ಯ ಸಂಸ್ಥೆಯು ೧೯೭೫ರಲ್ಲಿ ಪ್ರಕಟಿಸಿದ ಚಿಕಿತ್ಸಾಮಾರ್ಗದರ್ಶಿಗೆ ತಳಹದಿಯಾಯಿತು.

ಆ ಅನುಭವದ ಸಾರವಿಷ್ಟು. ಮಗುವನ್ನು ಕೊಲ್ಲುವುದು ಮುಖ್ಯವಾಗಿ ಹೊರಗೆ ಕಾಣುವ ರಕ್ತಸ್ರಾವವಲ್ಲ. ಸೂಕ್ಷ್ಮರಕ್ತನಾಳಗಳ ಭಿತ್ತಿಯ ಮೂಲಕ ರಕ್ತದ ದ್ರವಾಂಶವು ಒಳಗೊಳಗೇ ಸೋರಿಹೋಗುವುದು. ಜ್ವರವಿಳಿಯುವ ಹೊತ್ತಿಗೆ, ಎಲ್ಲರೂ ನಿಟ್ಟುಸಿರುಬಿಡುವ ಸಮಯದಲ್ಲಿ, ಈ ಸೋರಿಕೆಯು ಉಲ್ಬಣಿಸಿ ೨೪ರಿಂದ ೪೮ ಗಂಟೆಗಳ ಕಾಲ ನಡೆಯುತ್ತದೆ. ನಾಳಗಳು ಬರಿದಾದಂತೆ ವೃಕ್ಕಗಳಿಗೆ ಹರಿಯುವ ರಕ್ತವು ಕುಗ್ಗುತ್ತದೆ, ಮೂತ್ರವು ಕ್ಷೀಣಿಸುತ್ತದೆ. ಬೇಗನೆ ದ್ರವವನ್ನು ತುಂಬಿದರೆ ವೃಕ್ಕವು ಚೇತರಿಸಿಕೊಳ್ಳುವುದು. ತಡವಾದರೆ ಅದರೊಳಗಿನ ಸೂಕ್ಷ್ಮನಾಳಿಕೆಗಳ ಕೋಶಗಳೇ ಸಾಯುವುವು. ಮಾಂಸಖಂಡಗಳೂ ರಕ್ತಕಣಗಳೂ ಒಡೆದು ಬಿಡುವ ವರ್ಣದ್ರವ್ಯಗಳು ಕೆಲವೊಮ್ಮೆ ಈ ಹಾನಿಯನ್ನು ಹೆಚ್ಚಿಸುವುವು.

ಎಲ್ಲ ರಕ್ತಸ್ರಾವಜ್ವರಗಳಲ್ಲೂ ವೃಕ್ಕದ ಪಾಡು ಒಂದೇ ಅಲ್ಲ. ೧೯೫೧ರಿಂದ ಕೊರಿಯಾದ ಯುದ್ಧದಲ್ಲಿ ಮೂರು ಸಾವಿರಕ್ಕೂ ಮೇಲ್ಪಟ್ಟ ಸೈನಿಕರನ್ನು ಹಿಡಿದ, ಇಲಿಗಳಿಂದ ಹರಡುವ ಜ್ವರದಲ್ಲಿ ವೃಕ್ಕವೇ ರೋಗದ ಪ್ರಧಾನ ಸ್ಥಾನ. ೧೯೫೭ರಲ್ಲಿ ನಮ್ಮ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡು, ಜನರ ಬಾಯಲ್ಲಿ ಮಂಗನ ಕಾಯಿಲೆಯೆಂದು ಹೆಸರಾದ, ಉಣ್ಣೆಗಳಿಂದ ಹರಡುವ ಜ್ವರವೂ ಇದೇ ವರ್ಗದ್ದು. ಡೆಂಗಿಯಲ್ಲಾದರೋ ವೃಕ್ಕವು ಹೆಚ್ಚಾಗಿ ರಕ್ತಾಭಾವದಿಂದ ಬಾಧೆಪಡುವ ಎರಡನೆಯ ಬಲಿ.

ಮಕ್ಕಳಲ್ಲಿ ಇದನ್ನು ಕಂಡುಹಿಡಿಯುವುದು ಏಕೆ ಕಷ್ಟವೆಂಬುದಕ್ಕೂ ಕಾರಣವುಂಟು. ವೃಕ್ಕದ ಬಲವನ್ನಳೆಯಲು ವೈದ್ಯರು ನೋಡುವ ಕ್ರಿಯಾಟಿನೀನ್ ಎಂಬ ವಸ್ತುವು ಮಾಂಸಖಂಡದಿಂದ ಹುಟ್ಟತಕ್ಕದ್ದು. ಎಳೆಯ ಮಗುವಿನಲ್ಲಿ ಮಾಂಸವು ಅಲ್ಪವಾದ್ದರಿಂದ ಅದರ ಸಹಜಪ್ರಮಾಣವೂ ಅಲ್ಪ. ದೊಡ್ಡವರಿಗೆ ಸ್ವಸ್ಥವೆನಿಸುವ ಅಂಕವೇ ಮೂರು ವರ್ಷದ ಮಗುವಿನಲ್ಲಿ ಇಮ್ಮಡಿಗೂ ಮೀರಿದ ಏರಿಕೆಯಾಗಿರಬಹುದು. ೨೦೧೨ರ ಅಂತಾರಾಷ್ಟ್ರೀಯ ನಿರ್ದೇಶದಂತೆ, ಆರು ಗಂಟೆಗಳ ಕಾಲ ದೇಹದ ತೂಕದ ಕಿಲೋಗ್ರಾಮೊಂದಕ್ಕೆ ಗಂಟೆಗೆ ಅರ್ಧ ಮಿಲಿಲೀಟರಿಗಿಂತ ಕಡಮೆ ಮೂತ್ರವಾದರೆ ವೃಕ್ಕಹಾನಿಯೆಂದೆಣಿಸಬೇಕು. ೧೨ ಕಿಲೋಗ್ರಾಮು ತೂಗುವ ಮಗುವಿಗೆ ಇದು ಗಂಟೆಗೆ ಆರು ಮಿಲಿಲೀಟರು, ಸುಮಾರು ಒಂದು ಸಣ್ಣ ಚಮಚೆಯಷ್ಟು. ಮಾತುಬಾರದ ಶಿಶುವಿನ ವೇದನೆಯನ್ನು ಅದರ ಚೇಷ್ಟೆಗಳಿಂದಲೇ ಊಹಿಸಬೇಕೆಂದು ಕಾಶ್ಯಪಸಂಹಿತೆಯು ವೇದನಾಧ್ಯಾಯವನ್ನೇ ಮೀಸಲಿಟ್ಟಿದೆ. ಇಂದಿನ ಆಸ್ಪತ್ರೆಯಲ್ಲಿ ಗಂಟೆಗಂಟೆಗೂ ಮೂತ್ರವನ್ನಳೆದು ಬರೆಯುವ ದಾದಿಯೂ ಅಂಥದೇ ಮೂಕಸಾಕ್ಷ್ಯವನ್ನು ಓದುತ್ತಿದ್ದಾಳೆ.

ಇಲ್ಲಿ ಮತ್ತೊಂದು ಅಪಾಯವಿದೆ. ಸೋರಿದ ದ್ರವವು ಎರಡು ದಿನಗಳ ಬಳಿಕ ತಾನೇ ನಾಳಗಳಿಗೆ ಹಿಂದಿರುಗುತ್ತದೆ. ಮೊದಲೇ ಅತಿಯಾಗಿ ದ್ರವ ತುಂಬಿದ್ದು, ವೃಕ್ಕವೂ ಕೆಟ್ಟಿದ್ದರೆ, ಅದು ಶ್ವಾಸಕೋಶದಲ್ಲಿ ನಿಂತು ಮಗುವಿಗೆ ಉಸಿರು ಕಟ್ಟುವುದು. ಆಗ ಕೃತಕವಾಗಿ ರಕ್ತವನ್ನು ಶುದ್ಧಿಮಾಡುವ ಉಪಾಯವೇ ಗತಿ. ಯಂತ್ರವಿಲ್ಲದೆಡೆ ಉದರಭಿತ್ತಿಯ ಮೂಲಕವೂ ಅದನ್ನು ನಡೆಸುವುದುಂಟು. ಹೀಗೆ ಚಿಕಿತ್ಸೆಯು ಅಲ್ಪಕ್ಕೂ ಅತಿಗೂ ನಡುವಣ ಕಿರುದಾರಿ.

ಇಷ್ಟರಿಂದ ಶಬ್ದನಿರ್ಣಯಕ್ಕೆ ಬರಬಹುದು. ‘ರಕ್ತಪಿತ್ತ’ವೆಂದರೆ ಓದುಗನ ದೃಷ್ಟಿಯು ಹೊರಗೆ ಹರಿಯುವ ರಕ್ತದ ಮೇಲೆ ನಿಲ್ಲುತ್ತದೆ, ಒಳಗಿನ ಸೋರಿಕೆಯು ಮರೆಯಾಗುತ್ತದೆ. ‘ಮೂತ್ರಾಘಾತ’, ‘ಮೂತ್ರಕಟ್ಟು’ ಎಂದರೆ ತಡೆಯನ್ನು ಬಿಡಿಸಬೇಕೆಂಬ ಬುದ್ಧಿ ಹುಟ್ಟಿ, ಬರಿದಾದ ನಾಳಗಳ ಮಗುವಿಗೆ ಮೂತ್ರಲವಾದ ಔಷಧವನ್ನು ಕೊಡುವ ಪ್ರಮಾದಕ್ಕೆ ಎಡೆಯಾದೀತು. ಪೂರ್ವಿಕರು ಡೆಂಗಿಯನ್ನು ಅರಿತಿದ್ದರೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ; ಅಂಥ ಸಾಧನೆಯಿಂದ ಗ್ರಂಥಕ್ಕೂ ಗೌರವವಿಲ್ಲ, ರೋಗಿಗೂ ಪ್ರಯೋಜನವಿಲ್ಲ. ಆದರೆ ಅವರು ಕ್ಷಯವನ್ನೂ ಆಘಾತದ ಇತರ ಭೇದಗಳನ್ನೂ ಬೇರ್ಪಡಿಸಿದ ಸೂಕ್ಷ್ಮತೆಯು ನಮಗೆ ಇಂದಿಗೂ ಉಪಾದೇಯ. ಆದಕಾರಣ ರೋಗಕ್ಕೆ ‘ರಕ್ತಸ್ರಾವಜ್ವರ’, ಲಕ್ಷಣಕ್ಕೆ ‘ಮೂತ್ರಕ್ಷಯ’, ಅಂಗದ ಹಾನಿಗೆ ‘ವೃಕ್ಕವೈಕಲ್ಯ’ ಎಂಬ ಮೂರು ಶಬ್ದಗಳನ್ನು ಬೇರೆಬೇರೆಯಾಗಿ ಬಳಸುವುದು ಉಚಿತವೆಂದು ತೋರುತ್ತದೆ. ಈ ಸೂಚನೆಯ ಸಾಧುತ್ವವನ್ನು ವಿದ್ವಾಂಸರು ಪರಾಮರ್ಶಿಸುವರಾಗಿ.