ಸಂದು ಮುಚ್ಚುವ ಪುಟ್ಟಿ: ಪ್ಲಾಸ್ಟಿಕ್ ಮಾದರಿ ಕಟ್ಟುವವರಿಗೆ

ಕಿಟ್ ಪೆಟ್ಟಿಗೆಯ ಮೇಲೆ ಅಚ್ಚಾದ ವಿಮಾನಕ್ಕೆ ಎಲ್ಲೂ ಸಂದು ಇರುವುದಿಲ್ಲ. ಒಳಗಿನ ಭಾಗಗಳನ್ನು ಅಂಟಿಸಿದಾಗ ಮಾತ್ರ ರೆಕ್ಕೆ ಮೈಗೆ ಸೇರುವ ಕಡೆ ಗೆರೆಯೊಂದು ಬಾಯಿ ಬಿಟ್ಟಿರುತ್ತದೆ. ಆ ಬಾಯಿ ಮುಚ್ಚುವ ಸಾಮಗ್ರಿಯೇ ಫಿಲ್ಲರ್ ಅಥವಾ ಪುಟ್ಟಿ. ಗೋಡೆಗೆ ಬಳಿಯುವ ಪುಟ್ಟಿ ಬೇರೆ, ಇದು ಬೇರೆ. ಗೋಡೆಯ ಪುಟ್ಟಿ ಪ್ಲಾಸ್ಟಿಕ್‌ಗೆ ಕಚ್ಚಿಕೊಳ್ಳದೆ ಪುಡಿಯಾಗಿ ಉದುರುತ್ತದೆ.

ಸಂದು ಬರುವುದೇಕೆ?

ಕಿಟ್‌ನ ಭಾಗಗಳು ಪಾಲಿಸ್ಟೈರೀನ್‌ನವು. ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ಲೋಹದ ಅಚ್ಚಿಗೆ ತುಂಬುತ್ತಾರೆ. ತಣಿಯುವಾಗ ಅದು ಕುಗ್ಗುತ್ತದೆ. ದಪ್ಪಗಿರುವ ಕಡೆ ತಗ್ಗು ಬೀಳುತ್ತದೆ. ಭಾಗವನ್ನು ಅಚ್ಚಿನಿಂದ ಹೊರದೂಡುವ ಪಿನ್ನುಗಳು ದುಂಡನೆಯ ಗುರುತು ಬಿಡುತ್ತವೆ. ಅಚ್ಚು ಹಳೆಯದಾಗಿ ಸವೆದಿದ್ದರೆ ಎಡ-ಬಲ ಹೋಳುಗಳೂ ಸರಿಯಾಗಿ ಕೂಡುವುದಿಲ್ಲ.

ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುತ್ತಿದ್ದ ನ್ಯಾಟ್ ವಿಮಾನವನ್ನೇ ತೆಗೆದುಕೊಳ್ಳಿ. ಸುಮಾರು 9 ಮೀಟರ್ ಉದ್ದದ ಆ ವಿಮಾನ 1/72 ಅಳತೆಯಲ್ಲಿ 12.5 ಸೆಂ.ಮೀ.ಗೆ ಇಳಿಯುತ್ತದೆ. ಅದರ ರೆಕ್ಕೆಯ ಬುಡದಲ್ಲಿ 0.3 ಮಿ.ಮೀ. ಸಂದು ಉಳಿದರೆ, ನಿಜವಾದ ವಿಮಾನದಲ್ಲಿ ಎರಡು ಸೆಂಟಿಮೀಟರಿಗೂ ಹೆಚ್ಚು ಬಿಟ್ಟಂತೆ. ಬೆರಳು ತೂರಿಸಬಹುದು!

ಟ್ಯೂಬ್ ತೆಗೆಯುವ ಮೊದಲು

ಅಂಟು ಹಚ್ಚದೆ ಭಾಗಗಳನ್ನು ಜೋಡಿಸಿ ನೋಡಿ, ತಡೆಯುವ ಅಂಚನ್ನು ಕೆರೆದರೆ ಅರ್ಧ ಸಂದುಗಳು ತಾವೇ ಮಾಯವಾಗುತ್ತವೆ. ಪ್ಲಾಸ್ಟಿಕ್ ಕರಗಿಸುವ ಅಂಟು ಹಾಕಿ ಹೋಳುಗಳನ್ನು ಒತ್ತಿ ಹಿಡಿದರೆ, ಕರಗಿದ ಪ್ಲಾಸ್ಟಿಕ್ ಸಣ್ಣ ದಿಂಡಾಗಿ ಮೇಲೆ ಉಕ್ಕುತ್ತದೆ. ಒಣಗಿದ ಮೇಲೆ ಅದನ್ನು ಉಜ್ಜಿದರಾಯಿತು. ಒಂದು ಮಿಲಿಮೀಟರಿಗೂ ಅಗಲವಾದ ಸಂದಿಗೆ ತೆಳು ಪ್ಲಾಸ್ಟಿಕ್ ಪಟ್ಟಿ ತುರುಕಿ ಅಂಟಿಸಬೇಕು. ಅಲ್ಲಿ ಪುಟ್ಟಿ ತುಂಬುವುದು ಸೋಮಾರಿಯ ಕೆಲಸ.

ಟ್ಯೂಬಿನ ಪುಟ್ಟಿ

ಹೆಚ್ಚು ಬಳಕೆಯಲ್ಲಿರುವುದು ಇದು. ಜಪಾನಿನ ತಮಿಯಾದ ಬೂದು ಪುಟ್ಟಿ ಇದಕ್ಕೆ ಹೆಸರಾದದ್ದು. ಕಾರಿನ ಗೀರು ಮುಚ್ಚಲು ವಾಹನ ಬಣ್ಣದ ಅಂಗಡಿಗಳಲ್ಲಿ ಸಿಗುವ ಎನ್‌ಸಿ ಪುಟ್ಟಿಯೂ ಇದೇ ಜಾತಿಯದು. ಇದರೊಳಗಿನ ದ್ರಾವಕ ಪ್ಲಾಸ್ಟಿಕ್‌ನ ಮೇಲ್ಪದರವನ್ನು ಕೊಂಚ ಮೆತ್ತಗಾಗಿಸಿ ಹಿಡಿದುಕೊಳ್ಳುತ್ತದೆ, ಆಮೇಲೆ ಆವಿಯಾಗಿ ಹೋಗುತ್ತದೆ. ಅದು ಹೋದಷ್ಟು ಜಾಗ ಪುಟ್ಟಿಯಲ್ಲಿ ಕಡಿಮೆಯಾಗುತ್ತದೆ, ಅಂದರೆ ಪುಟ್ಟಿ ಕುಗ್ಗುತ್ತದೆ. ದಪ್ಪಗೆ ಮೆತ್ತಿದರೆ ಮೇಲೆ ಹೆಪ್ಪುಗಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ.

ನನ್ನ ಮೊದಲ ನ್ಯಾಟ್‌ಗೆ ಒಂದೇ ಸಲ ಮೆತ್ತಿ, ಮರುದಿನವೇ ಉಜ್ಜಿ, ಬೆಳ್ಳಿ ಬಣ್ಣ ಹೊಡೆದಿದ್ದೆ. ವಾರ ಕಳೆಯುವುದರೊಳಗೆ ಬೆನ್ನುದ್ದಕ್ಕೂ ಗೆರೆ ಇಳಿದಿತ್ತು. ಬೆಳ್ಳಿ ಬಣ್ಣ ಯಾವ ತಪ್ಪನ್ನೂ ಮುಚ್ಚಿಡುವುದಿಲ್ಲ. ಈಗ ಸಂದಿನ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ತೆಳುವಾಗಿ ಎರಡು ಮೂರು ಸಲ ಹಚ್ಚುತ್ತೇನೆ. ಒಂದೊಂದು ಪದರಕ್ಕೂ ಒಂದು ರಾತ್ರಿ ಬಿಡುತ್ತೇನೆ.

ಎಪಾಕ್ಸಿ ಪುಟ್ಟಿ

ಮನೆಯ ನಲ್ಲಿ ಸೋರಿದಾಗ ಎಂ-ಸೀಲ್ ಕಲಸಿದವರಿಗೆ ಇದು ಹೊಸದಲ್ಲ. ಎರಡು ಭಾಗಗಳನ್ನು ಸಮಸಮ ನಾದಿ ಹಚ್ಚಬೇಕು. ವೇಲ್ಸ್‌ನಲ್ಲಿ ತಯಾರಾಗುವ ಮಿಲಿಪುಟ್ ಮಾದರಿಕಾರರ ಮೆಚ್ಚಿನದು. ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುವುದರಿಂದ ಇದು ಕುಗ್ಗುವುದಿಲ್ಲವೆಂದೇ ಹೇಳಬಹುದು. ಹಸಿಯಿದ್ದಾಗ ಒದ್ದೆ ಬೆರಳಿನಿಂದ ಸವರಿದರೆ ನುಣುಪಾಗುತ್ತದೆ. ಉಜ್ಜುವ ಕೆಲಸ ಬಹುಪಾಲು ತಪ್ಪುತ್ತದೆ. ರೆಕ್ಕೆಯ ಬುಡದ ಬಾಗು ತಿದ್ದಲು ಇದಕ್ಕಿಂತ ಒಳ್ಳೆಯದಿಲ್ಲ.

ಸೂಪರ್ ಗ್ಲೂ

ಕೂದಲೆಳೆಯಂಥ ಸಂದಿಗೆ ಸಯನೋಅಕ್ರಿಲೇಟ್, ಅಂದರೆ ಫೆವಿಕ್ವಿಕ್ ಜಾತಿಯ ಅಂಟು, ತಾನಾಗಿಯೇ ಹರಿದು ಒಳಸೇರುತ್ತದೆ. ಟಾಲ್ಕಂ ಪೌಡರ್ ಬೆರೆಸಿದರೆ ಗಟ್ಟಿ ಲೇಪವಾಗುತ್ತದೆ. ಒಂದು ಎಚ್ಚರಿಕೆ: ಒಣಗಿದ ತಕ್ಷಣ ಉಜ್ಜಿ. ಮರುದಿನಕ್ಕೆ ಅದು ಪ್ಲಾಸ್ಟಿಕ್‌ಗಿಂತ ಗಡುಸಾಗಿ, ಉಜ್ಜಿದರೆ ಅಕ್ಕಪಕ್ಕದ ಪ್ಲಾಸ್ಟಿಕ್ ಸವೆದು ಅಂಟು ದಿಬ್ಬವಾಗಿ ನಿಲ್ಲುತ್ತದೆ. ಪೈಲಟ್ ಕೂರುವ ಜಾಗದ ಗಾಜಿನ ಹತ್ತಿರ ಇದು ಬೇಡ. ಇದರ ಆವಿಗೆ ಗಾಜು ಮಂಜು ಹಿಡಿದಂತಾಗುತ್ತದೆ. ಅಲ್ಲಿಗೆ ವಲ್ಲೆಹೊ ಕಂಪನಿಯದರಂಥ ಅಕ್ರಿಲಿಕ್ ಪುಟ್ಟಿ ಸರಿ. ಹೆಚ್ಚಾದದ್ದನ್ನು ಒದ್ದೆ ಹತ್ತಿಕಡ್ಡಿಯಿಂದ ಒರೆಸಿದರೆ ಸಾಕು.

ಉಜ್ಜುವಾಗ

400ರ ವಾಟರ್ ಪೇಪರ್‌ನಿಂದ ಶುರುಮಾಡಿ 600, 1000ಕ್ಕೆ ಏರಬೇಕು. ನೀರು ಹಾಕಿ ಉಜ್ಜಿದರೆ ಧೂಳು ಮೂಗಿಗೆ ಬರುವುದಿಲ್ಲ, ಕಾಗದವೂ ಕಟ್ಟಿಕೊಳ್ಳುವುದಿಲ್ಲ. ಮೈಮೇಲೆ ತಗಡುಗಳ ಅಂಚು ತೋರಿಸುವ ಗೆರೆಗಳು ಅಳಿಸಿದ್ದರೆ ಸೂಜಿಯಿಂದ ಮತ್ತೆ ಕೊರೆಯಿರಿ. ಟ್ಯೂಬಿನ ಪುಟ್ಟಿಯ ವಾಸನೆ ತಲೆಗೇರುವಂಥದ್ದು, ಕಿಟಕಿ ತೆರೆದೇ ಕೂರಿ.

ಆಮೇಲೆ ಬೂದು ಪ್ರೈಮರ್ ಒಂದು ಕೈ ಹೊಡೆದು ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ. ಕಣ್ಣಿಗೆ ಬೀಳದ ಗೆರೆಯೂ ಬೆರಳ ತುದಿಗೆ ಸಿಗುವುದುಂಟು. ಸಿಕ್ಕಿದರೆ ಮತ್ತೆ ಪುಟ್ಟಿ, ಮತ್ತೆ ಒಂದು ರಾತ್ರಿ.