ಹೃದಯದ ರೇಖೆ: ತಂತಿಯಿಂದ ನಿಸ್ತಂತುವಿಗೆ

ಹೃದಯವು ಪ್ರತಿಯೊಂದು ಬಡಿತದಲ್ಲಿಯೂ ಅತ್ಯಲ್ಪ ವಿದ್ಯುತ್ತನ್ನು ಉಂಟುಮಾಡುತ್ತದೆ. ಚರ್ಮದ ಮೇಲೆ ಅದನ್ನು ಅಳೆದರೆ ದೊರೆಯುವುದು ವೋಲ್ಟಿನ ಸಾವಿರದಲ್ಲೊಂದು ಪಾಲಿನಷ್ಟು ಮಾತ್ರ. ಇಂದು ಮನೆಯ ಮೇಜಿನ ಮೇಲೆಯೇ ಕೆಲವು ಬಿಡಿಭಾಗಗಳನ್ನು ಜೋಡಿಸಿ ಈ ಸೂಕ್ಷ್ಮ ಸಂಕೇತವನ್ನು ರೇಖೆಯಾಗಿ ಕಾಣುವ ಹವ್ಯಾಸಿಗಳಿದ್ದಾರೆ. ಇದು ಈ ಕಾಲದ ಚಮತ್ಕಾರವೆಂದು ತೋರಬಹುದು. ಆದರೆ ಈ ಉಪಕರಣದ ಇತಿಹಾಸವನ್ನು ಪರಿಶೀಲಿಸಿದರೆ ಅದು ಮೊದಲಿನಿಂದಲೂ ಸಂಶೋಧಕರು ಸ್ವಹಸ್ತದಿಂದ ರೂಪಿಸಿಕೊಂಡುದೆಂಬುದೂ, ರೋಗಿಗೂ ಯಂತ್ರಕ್ಕೂ ನಡುವಣ ದೂರವೇ ಅದರ ಮುಖ್ಯ ಸಮಸ್ಯೆಯಾಗಿದ್ದಿತೆಂಬುದೂ ವಿದಿತವಾಗುತ್ತದೆ.

೧೮೮೭ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಆಗಸ್ಟಸ್ ವಾಲರ್ ಎಂಬ ಶರೀರಶಾಸ್ತ್ರಜ್ಞನು ಮಾನವಹೃದಯದ ವಿದ್ಯುತ್ತನ್ನು ಎದೆಯನ್ನು ತೆರೆಯದೆಯೇ ಪ್ರಥಮಬಾರಿಗೆ ದಾಖಲಿಸಿದನು. ಸೂಕ್ಷ್ಮವಾದ ಗಾಜಿನ ನಾಳದಲ್ಲಿ ಏರಿಳಿಯುವ ಪಾದರಸವೇ ಅವನ ಮಾಪಕ. ಉಪ್ಪುನೀರಿನ ಪಾತ್ರೆಗಳಲ್ಲಿ ಕಾಲನ್ನಿಟ್ಟು ನಿಲ್ಲುತ್ತಿದ್ದ ಜಿಮ್ಮಿ ಎಂಬ ತನ್ನ ನಾಯಿಯ ಹೃದಯವನ್ನೂ ಅವನು ಸಭೆಗಳಲ್ಲಿ ಪ್ರದರ್ಶಿಸುತ್ತಿದ್ದನು. ಆದರೆ ಪಾದರಸವು ಜಡವಾದುದರಿಂದ ಹೃದಯದ ವೇಗಕ್ಕೆ ಸರಿಯಾಗಿ ಚಲಿಸಲಾರದೆ ಹೋಯಿತು.

ಈ ಕೊರತೆಯನ್ನು ನೀಗಿದವನು ಜಾವಾ ದ್ವೀಪದಲ್ಲಿ ಹುಟ್ಟಿ, ತಂದೆಯನ್ನು ಬಾಲ್ಯದಲ್ಲಿಯೇ ಕಳೆದುಕೊಂಡು, ತಾಯಿಯೊಡನೆ ಹಾಲೆಂಡಿಗೆ ಬಂದು ನೆಲೆಸಿದ ವಿಲ್ಲೆಮ್ ಐಂತೋವನ್. ಕರಗಿದ ಸ್ಫಟಿಕಶಿಲೆಯನ್ನು ಬಾಣಕ್ಕೆ ಅಂಟಿಸಿ ಹಾರಿಸಿದರೆ ಅದರ ಹಿಂದೆ ಕಣ್ಣಿಗೆ ಕಾಣದಷ್ಟು ತೆಳುವಾದ ಎಳೆಯೊಂದು ಹೊರಡುತ್ತದೆ. ಆ ಎಳೆಗೆ ಬೆಳ್ಳಿಯನ್ನು ಲೇಪಿಸಿ ಬಲವಾದ ವಿದ್ಯುದಯಸ್ಕಾಂತದ ನಡುವೆ ಬಿಗಿದು, ಅದರ ಕಂಪನದ ನೆರಳನ್ನು ಛಾಯಾಫಲಕದ ಮೇಲೆ ಹಿಡಿಯುವ ಉಪಾಯವನ್ನು ಅವನು ೧೯೦೧ರ ಹೊತ್ತಿಗೆ ಸಾಧಿಸಿದನು. ಇಂದಿಗೂ ವೈದ್ಯರು ಬಳಸುವ ಪಿ, ಕ್ಯೂ, ಆರ್, ಎಸ್, ಟಿ ಎಂಬ ಅಲೆಗಳ ಹೆಸರುಗಳೂ ಅವನವೇ.

ಎಳೆಯೇನೋ ಅತಿ ಹಗುರ. ಯಂತ್ರವಾದರೋ ಸುಮಾರು ೨೭೦ ಕಿಲೋಗ್ರಾಂ ತೂಕದ್ದು. ಅದನ್ನು ನಡೆಸಲು ಐದು ಮಂದಿ ಬೇಕಾಗುತ್ತಿತ್ತು. ಅದನ್ನು ಆಸ್ಪತ್ರೆಗೆ ಒಯ್ಯುವಂತಿರಲಿಲ್ಲ. ಹಾಸಿಗೆ ಹಿಡಿದ ರೋಗಿಯನ್ನು ಪ್ರಯೋಗಶಾಲೆಗೆ ತರುವುದೂ ಯುಕ್ತವಾಗಿರಲಿಲ್ಲ. ೧೯೦೫ರಲ್ಲಿ ಐಂತೋವನ್ ಇವೆರಡನ್ನೂ ಬಿಟ್ಟು ಸಂಕೇತವನ್ನೇ ಪಯಣಿಸುವಂತೆ ಮಾಡಿದನು. ಲೈಡನ್ ನಗರದ ಆಸ್ಪತ್ರೆಯಿಂದ ಸುಮಾರು ಒಂದೂವರೆ ಕಿಲೋಮೀಟರು ದೂರದ ಪ್ರಯೋಗಶಾಲೆಗೆ ಟೆಲಿಫೋನ್ ತಂತಿಯ ಮೂಲಕ ಹೃದಯದ ವಿದ್ಯುತ್ತು ಹರಿಯಿತು. ೧೯೨೪ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವು ಲಭಿಸಿತು.

ಆದರೂ ಅಂದು ದಾಖಲಾಗುತ್ತಿದ್ದುದು ನಿಶ್ಚಲವಾಗಿ ಮಲಗಿದ ಅಥವಾ ಕುಳಿತ ಮನುಷ್ಯನ ಹೃದಯ. ಮೆಟ್ಟಿಲು ಹತ್ತುವಾಗಲೋ ದುಡಿಯುವಾಗಲೋ ತಲೆದೋರಿ ಕ್ಷಣದಲ್ಲಿ ಮರೆಯಾಗುವ ದೋಷವು ಆ ರೇಖೆಯಲ್ಲಿ ಸಿಕ್ಕದೆ ಹೋಗಬಹುದಾಗಿತ್ತು. ಈ ಬಂಧನವನ್ನು ಬಿಡಿಸಿದವನು ಅಮೆರಿಕದ ಮಾಂಟಾನಾ ಸಂಸ್ಥಾನದ ಹೆಲೆನಾ ಪಟ್ಟಣದ ನಾರ್ಮನ್ ಹೋಲ್ಟರ್. ೧೯೪೦ರ ದಶಕದ ಕೊನೆಯಲ್ಲಿ ಅವನು ನಿರ್ಮಿಸಿದ ರೇಡಿಯೋ ಪ್ರೇಷಕದ ಹೊರೆ ಸುಮಾರು ೩೮ ಕಿಲೋಗ್ರಾಂ. ಅದನ್ನು ಬೆನ್ನಿಗೆ ಕಟ್ಟಿಕೊಂಡು, ನಿಂತಲ್ಲೇ ತುಳಿಯುವ ಸೈಕಲ್ಲನ್ನು ತಾನೇ ತುಳಿದು, ಚಲಿಸುವ ದೇಹದ ಹೃದಯಸಂಕೇತವನ್ನು ನಿಸ್ತಂತುವಾಗಿ ಕಳುಹಿಸಬಹುದೆಂದು ತೋರಿಸಿದನು. ಟ್ರಾನ್ಸಿಸ್ಟರು ಬಂದ ಬಳಿಕ ಹೊರೆ ಕುಗ್ಗಿತು. ೧೯೬೧ರಲ್ಲಿ ಅವನು ಪ್ರಕಟಿಸಿದ ಕ್ರಮದಲ್ಲಿ ಗಂಟೆಗಟ್ಟಲೆಯ ದಾಖಲೆಯು ಕಾಂತಪಟ್ಟಿಯ ಮೇಲೆ ಉಳಿದು, ಕೆಲವೇ ನಿಮಿಷಗಳಲ್ಲಿ ಪರೀಕ್ಷೆಗೆ ಒದಗುವಂತಾಯಿತು.

ಇಂದು ಆ ಹೊರೆಯೆಲ್ಲವೂ ಉಗುರಿಗಿಂತ ಚಿಕ್ಕದಾದ ಚಿಪ್ಪೊಂದರಲ್ಲಿ ಅಡಗಿದೆ. ದೇಹದ ಎರಡು ಸ್ಥಾನಗಳ ವಿದ್ಯುತ್ತಿನ ವ್ಯತ್ಯಾಸವನ್ನು ಮಾತ್ರ ವರ್ಧಿಸಿ, ಎರಡಕ್ಕೂ ಸಮಾನವಾಗಿ ತಗಲುವ ಮನೆಯ ದೀಪದ ತಂತಿಗಳ ಗುಂಗನ್ನು ಅದು ಬಹುಮಟ್ಟಿಗೆ ಕಳೆದುಬಿಡುತ್ತದೆ. ಸಂಕೇತವನ್ನು ಬ್ಲೂಟೂತಿನ ಮೂಲಕ ಕೈಫೋನಿಗೆ ಕಳುಹಿಸುವುದೂ ಸುಲಭಸಾಧ್ಯ. ಆದರೆ ದೇಹಕ್ಕೆ ಅಂಟಿದ ಸಾಧನವನ್ನು ಗೋಡೆಯ ವಿದ್ಯುತ್ತಿಗೆ ಸೇರಿಸಿದರೆ ಪ್ರಾಣಾಪಾಯವುಂಟಾಗಬಹುದು. ಆದಕಾರಣ ಇಂಥದನ್ನು ಕೇವಲ ಬ್ಯಾಟರಿಯಿಂದಲೇ ನಡೆಸತಕ್ಕದ್ದು.

ಇನ್ನೊಂದು ಎಚ್ಚರಿಕೆಯೂ ಈ ಇತಿಹಾಸದಿಂದಲೇ ದೊರೆಯುತ್ತದೆ. ಲೈಡನ್ನಿನ ತಂತಿಯಲ್ಲಿ ಹರಿದುದು ಸಂಕೇತ ಮಾತ್ರ. ರೋಗಿಯು ಆಸ್ಪತ್ರೆಯಲ್ಲಿಯೇ ಇದ್ದನು. ರೇಖೆಯು ಎಷ್ಟು ದೂರವಾದರೂ ಸಾಗಬಲ್ಲುದು, ಅದನ್ನು ಯಾರಾದರೂ ಬರೆದುಕೊಳ್ಳಬಲ್ಲರು. ಅದು ರೋಗವನ್ನು ಸೂಚಿಸುವುದೋ ಇಲ್ಲವೋ ಎಂಬ ತೀರ್ಪಿಗೆ ಮಾತ್ರ ರೋಗಿಯನ್ನು ಬಲ್ಲ ವೈದ್ಯನು ಅಂದಿನಂತೆ ಇಂದಿಗೂ ಬೇಕು. ಮನೆಯಲ್ಲಿ ನಿರ್ಮಿಸಿದ ಸಾಧನದ ಬೆಲೆಯೂ ಮಿತಿಯೂ ಇದರಲ್ಲಿಯೇ ಅಡಗಿವೆ.